ನೀರು ಹೇಳಿದ್ದು, ಅಕ್ಕ ಹೇಳಿದ್ದು

ಮೊಮ್ಮಗಳು ಈಗಷ್ಟೇ ಜೇನಿನಂತೆ ಹರಿಯುವ ಜೋನಿ ಬೆಲ್ಲದ ಡಬ್ಬಿ ತೆಗೆದಳು ನೋಡಿ, ಆ ಪರಿಮಳಕ್ಕೆ ನಾನು ಸಿದ್ದಾಪುರದ ನಮ್ಮ ಆಲೆಮನೆಗೇ ಹೋಗಿಬಿಟ್ಟೆ!

ಪಾಕ ನೋಡುವ ಅಜ್ಜ ಅವತ್ತು ಜ್ವರ ಬಂದು ಮಲಗಿದ್ದ. ಒಲೆಯ ಮೇಲೆ ಇಡೀ ವರ್ಷದ ಬೆಲ್ಲ ಕುದಿಯುತ್ತಿತ್ತು; ತುಸು ತಡವಾದರೂ ಎಲ್ಲ ಕಹಿ. ಅಜ್ಜನ ಪಕ್ಕ ಕೂತು ಪಾಕ ಕಲಿತವಳು ನಮ್ಮ ಅಕ್ಕ, ಎಂಟೇ ವರ್ಷದವಳು. ತಣ್ಣೀರಿಗೆ ಒಂದು ಹನಿ ಬಿಟ್ಟಳು. ಪಾಕ ಆಗಿದ್ದರೆ ಗಟ್ಟಿಯಾಗಿ ತಳಕ್ಕೆ ಕೂರಬೇಕಿದ್ದ ಹನಿ ಕರಗಿಹೋಯಿತು.

"ನೀರು ಎಂತ ಹೇಳ್ತು, ಕೂಸೆ?" ಅಪ್ಪಯ್ಯ ಕೇಳಿದ.

"ಇನ್ನೂ ಆಜಿಲ್ಲೆ ಹೇಳ್ತು." ಅಕ್ಕ ಕಣ್ಣು ಮುಚ್ಚಿ ಕುದಿಯುವ ಸದ್ದಿಗೆ ಕಿವಿಗೊಟ್ಟಳು. ಆ ಸದ್ದಿನಲ್ಲಿ ಅವಳಿಗೆ ಪಾಕ ಆದದ್ದು ಕೇಳಿಸಿತು. "ಎಂಗೆ ಆಜು ಕಾಣ್ತು."

"ಯಾರ ಮಾತು ಕೇಳವು ಈಗ?"

"ಎನ್ನ ಮಾತು. ಇಳ್ಸು ಅಪ್ಪಯ್ಯಾ!"

ಇಳಿಸಿದರು. ಬೆಲ್ಲ ಹೊಂಬಣ್ಣದಲ್ಲಿ ಹೊಳೆಯಿತು. ಅಪ್ಪಯ್ಯ ತುಸು ತೆಗೆದು ಆರಿಸಿ ನೆಕ್ಕಿ ನೋಡಿದ, ಕಹಿಯ ಸುಳಿವೇ ಇಲ್ಲ. ದೇವರಿಗೆಂದು ತೊಳೆದಿಟ್ಟ ಬಾಳೆಲೆಗೆ ಮೊದಲ ಸೌಟು ಸುರಿದು, ಅದನ್ನು ಅಕ್ಕನ ಮುಂದಿಟ್ಟ.