ಕಿಟಕಿ ಪಕ್ಕದ ಕುರ್ಚಿ

ಆ ಹೆಂಗಸು ಇವತ್ತೂ ಬಂದು ಕೂತಿದ್ದಳು. ಅದೂ ಯಜಮಾನರ ಕುರ್ಚಿಯಲ್ಲಿ.

ಯಜಮಾನರು ಬಾಗಿಲಲ್ಲೇ ನಿಂತು, ಕೊಡೆ ಮಡಚುವ ನೆಪದಲ್ಲಿ ಆಕೆಯನ್ನು ಅಳೆದು ನೋಡಿದರು. ಐವತ್ತು ದಾಟಿದ ಮುಖ. ತೊಡೆಯ ಮೇಲೆ ನೀಲಿ ಚೀಲ. ಆಕೆ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಬೆರಳಿಗಂಟಿದ ಧೂಳನ್ನು ನೋಡಿ ನಿಟ್ಟುಸಿರು ಬಿಟ್ಟಳು.

“ಇನ್‌ಸ್ಪೆಕ್ಷನ್ನು,” ಎಂದು ಯಜಮಾನರು ಕನ್ನಡಕದ ಹುಡುಗಿಯ ಕಿವಿಯಲ್ಲಿ ಉಸುರಿದರು. “ಅನುಮಾನವೇ ಇಲ್ಲ.”

“ಅಯ್ಯೋ ಯಜಮಾನ್ರೇ, ಅವರು...”

“ಶ್! ಮೆಲ್ಲಗೆ. ಕಿವಿ ಈ ಕಡೆಗೇ ಇದೆ.”

ಹುಡುಗಿ ಫೈಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ತೀರಿಕೊಂಡವರ ಅಂಗಾಂಗ ದಾನ ಮಾಡುವ ಕುಟುಂಬಗಳಿಗೆ ಆಸರೆಯಾಗಿ ನಿಲ್ಲುವುದು ಆಸ್ಪತ್ರೆಯ ಆ ವಿಭಾಗದ ಕೆಲಸ. ಅಲ್ಲಿ ಆಪ್ತಸಮಾಲೋಚಕರು ಇಬ್ಬರು: ಈ ಕನ್ನಡಕದ ಹುಡುಗಿ ಮತ್ತು ಎಲ್ಲರೂ ಗಡಿಬಿಡಿ ಎಂದೇ ಕರೆಯುವ ಒಬ್ಬ ತರುಣ. ಸಹಿ ಹಾಕಲು ಮೇಲಿನ ಮಹಡಿಯಲ್ಲಿ ಡಾಕ್ಟರಮ್ಮ ಇದ್ದರು. ಉಳಿದ ಮೇಲ್ವಿಚಾರಣೆಯೆಲ್ಲ ಯಜಮಾನರದು. ಬೆಳಗ್ಗೆ ದೇವರಿಗೆ ಕೈಮುಗಿದು ಹೊರಟರೆ, ಬಾಗಿಲು ತೆಗೆಯುವ ಮುಂಚೆಯೇ ಹಾಜರು. ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಎಪ್ಪತ್ತು ದಾಟಿದ್ದರೂ ಅವರ ನಿವೃತ್ತಿಯ ಮಾತನ್ನು ಯಾರೂ ಎತ್ತಿರಲಿಲ್ಲ.

“ಬಾಡಿ ಅನ್ಬೇಡ, ಹೆಸರು ಹಿಡಿದು ಹೇಳು. ಗಡಿಯಾರ ನೋಡ್ಬೇಡ. ಮೊದಲು ಅವರ ಬಗ್ಗೆ ಕೇಳು, ಕೊಡೋ ಮಾತು ಆಮೇಲೆ.” ಇಂಥ ಅಪ್ಪಣೆಗಳು ಕಿಟಕಿ ಪಕ್ಕದ ಕುರ್ಚಿಯಿಂದ ದಿನವಿಡೀ ಹೊರಡುತ್ತಿದ್ದವು. ಕುಟುಂಬದವರನ್ನು ಕೂರಿಸಿ ಮಾತಾಡುವ ಒಳಗಿನ ಪುಟ್ಟ ಕೋಣೆಗೆ ಮಾತ್ರ ಅವರು ಕಾಲಿಡುತ್ತಿರಲಿಲ್ಲ. “ಒಂದ್ಸಲ ಹೋಗಿದ್ದೀನಿ. ಸಾಕು,” ಎನ್ನುತ್ತಿದ್ದರು.

ಹೋದ ವಾರ ಜ್ವರ ಬಂದು ಮಲಗಿದ್ದರು. ರಜೆ ಚೀಟಿ ಕೊಟ್ಟಿರಲಿಲ್ಲ. ಎದ್ದು ಬಂದು ನೋಡಿದರೆ, ಈ ಹೆಂಗಸು. ಮೊನ್ನೆ ಚಹಾ ಕುಡಿದು ಮುಖ ಕಿವಿಚಿದಳು. ನಿನ್ನೆ ಗೋಡೆಯ ಮೇಲೆ ವಾಲಿದ್ದ ಚಿತ್ರವನ್ನು ನೆಟ್ಟಗೆ ಮಾಡಿದಳು. ಸಂಜೆ ಗಡಿಬಿಡಿಯನ್ನು ಕೇಳಿದಳು: “ಬಾಗಿಲು ಎಷ್ಟು ಹೊತ್ತಿಗೆ ಹಾಕ್ತೀರಪ್ಪ? ಭಾನುವಾರವೂ ತೆಗೆದಿರುತ್ತಾ?”

ಇನ್ನೇನು ಸಾಕ್ಷಿ ಬೇಕು? ಇವತ್ತು ವರದಿ ಹೋಗುತ್ತದೆ, ನಾಳೆ ಯಜಮಾನರನ್ನು ಮನೆಗೆ ಕಳಿಸುತ್ತಾರೆ. ಮನೆ ಎಂದು ನೆನೆದ ಮಾತ್ರಕ್ಕೇ ಅವರು ಕೊಡೆ ಮೂಲೆಗಿಟ್ಟು ಅಂಗಿಯ ತೋಳು ಮಡಚಿದರು.

ಅಪ್ಪಣೆಯಾಯಿತು. ಹಿಡಿ ಮುರಿದ ಕಪ್ಪುಗಳು ಮಾಯವಾದವು. ಪರದೆಗಳನ್ನು ಕೊಡವಿದ್ದಾಯಿತು. ಗಡಿಬಿಡಿ ತಲೆಗೆ ನೀರು ಹಚ್ಚಿ ಬಾಚಿಕೊಂಡ.

“ಮುಂದೆ ಯಾರು ಬಂದ್ರೂ ಆಕೆಯ ಕಣ್ಣೆದುರಿಗೇ ಮಾತಾಡ್ಸು,” ಎಂದರು ಯಜಮಾನರು. “ನಮ್ಮ ಕೆಲಸ ಎಂಥದ್ದು ಅಂತ ನೋಡ್ಲಿ.”

ಮುಂದೆ ಬಂದವನು ತಲೆ ತಗ್ಗಿಸಿಕೊಂಡಿದ್ದ. ಬೆಂಚಿನ ಮೇಲೆ ಕುಸಿದು ಮುಖ ಒರೆಸಿಕೊಂಡ. ಗಡಿಬಿಡಿ ಹಿಂದೆಮುಂದೆ ನೋಡದೆ ಅವನ ಎರಡೂ ಕೈ ಹಿಡಿದುಕೊಂಡ.

“ನಿಧಾನವಾಗಿ ಹೇಳಿ. ಕೊನೇಲಿ ಏನಾಯ್ತು?”

“ಏನಾಗುತ್ತೆ ಸಾರ್, ತುಂಬಾ ಹಳೇದು. ರಾತ್ರಿಯೆಲ್ಲ ಸೋರಿದೆ. ನಾನು ಮುಟ್ಟಿದ ಕೂಡ್ಲೇ ಹೋಗ್ಬಿಡ್ತು.”

“ನಿಮ್ಮ ಕೈಯಲ್ಲೇ?” ಗಡಿಬಿಡಿಯ ಕಣ್ಣು ತುಂಬಿತು.

“ನನ್ನ ಕೈಯಲ್ಲೇ. ಆದ್ರೆ ಒಳಗಿನ ವಾಷರ್ ಗಟ್ಟಿಯಾಗಿತ್ತು. ಬಿಚ್ಚಿ ಪಕ್ಕದ್ದಕ್ಕೆ ಹಾಕಿದೆ. ಅದೀಗ ಜೋರಾಗಿ ನಡೀತಿದೆ.”

“ಒಪ್ಪಿಗೆ ತಗೊಂಡ್ರಾ?”

“ಯಾರದ್ದು ಸಾರ್? ನಲ್ಲೀದಾ?” ಎಂದ ಪ್ಲಂಬರ್.

ಕಿಟಕಿಯ ಕಡೆಯಿಂದ ಕಿಸಕ್ಕೆಂದು ನಗು ಬಂತು. ಆಕೆ ನೀಲಿ ಚೀಲದಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ತಲೆಯೆತ್ತಿದಾಗ ಕಣ್ಣಲ್ಲಿ ನೀರು.

ಮುಗಿಯಿತು, ಅಂದುಕೊಂಡರು ಯಜಮಾನರು. ದೇವರನ್ನು ನೆನೆದು ನೆಟ್ಟಗೆ ಆಕೆಯ ಮುಂದೆ ಹೋಗಿ ನಿಂತರು.

“ತಾಯಿ, ತಪ್ಪು ಏನಿದ್ರೂ ನನ್ನ ತಲೆಗೆ ಹಾಕಿ. ಈ ಮಕ್ಕಳು ಒಳ್ಳೆಯವರು. ಬೇಕಾದ್ರೆ ಬೈಯಿರಿ, ಮೂಲೆಗೆ ಕೂರಿಸಿ. ಮನೆಗೆ ಮಾತ್ರ ಕಳಿಸ್ಬೇಡಿ.”

ಆಕೆ ಗಾಬರಿಯಿಂದ ಎದ್ದು ನಿಂತಳು.

“ನಾನು ಯಾರನ್ನ ಕಳಿಸ್ಲಿ ಸಾಹೇಬ್ರೇ? ನೀವು ದುರುಗುಟ್ಟಿಕೊಂಡು ನೋಡೋದು ಕಂಡು, ಇವತ್ತು ಎಬ್ಬಿಸ್ತಾರೆ, ಈಗ ಎಬ್ಬಿಸ್ತಾರೆ ಅಂತ ನಾನೇ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೀನಿ. ಹೋದ ವಾರ ನಮ್ಮವರ ಕಿಡ್ನಿ, ಲಿವರು, ಕಣ್ಣು ಇಲ್ಲೇ ಕೊಟ್ವಿ. ಎಲ್ಲಾ ಮುಗೀತು, ಮನೆಗೆ ಹೋದೆ. ಬೀಗ ತೆಗೆದ್ರೆ ಒಳಗಿಂದ ಯಾರು ಅಂತ ಕೇಳೋರೇ ಇಲ್ಲ. ಇಲ್ಲಾದ್ರೆ ಚಹಾ ಬೇಕಾ ಅಂತಾದ್ರೂ ಕೇಳ್ತಾರೆ. ಚಹಾ ಚೆನ್ನಾಗಿಲ್ಲ, ಅದು ಬೇರೆ ಮಾತು.” ಕೈಬೆರಳಿನ ಧೂಳನ್ನು ಒರೆಸಿಕೊಂಡಳು. “ಇವತ್ತು ಮೊದಲ ಸಲ ನಕ್ಕೆ. ತಪ್ಪಾಯ್ತಾ?”

ಯಜಮಾನರು ಇನ್ನೊಂದು ಕುರ್ಚಿಯನ್ನು ಎಳೆದು ತಂದು ಕಿಟಕಿಯ ಬಳಿ ಹಾಕಿದರು.

“ಇಲ್ಲಿ ಕೂತ್ಕೊಳ್ಳಮ್ಮ. ಅದು ನನ್ನ ಕುರ್ಚಿ.”

“ನೀವು ದೊಡ್ಡವರು. ನನ್ನಂಥವಳು ಬಂದು ಕೂತ್ರೆ ನಿಮ್ಮ ನೌಕರಿಗೆ ತೊಂದ್ರೆ ಆಗಲ್ವಾ? ಎಷ್ಟು ವರ್ಷದ ಸರ್ವಿಸು ನಿಮ್ದು?”

“ನೌಕರಿ ಯಾರದಮ್ಮ? ನಮ್ಮನೆಯವಳ ಕಣ್ಣು ಕೊಡೋಕೆ ಬಂದು ಈ ಕುರ್ಚಿಯಲ್ಲಿ ಕೂತವನು ನಾನು. ಹನ್ನೊಂದು ವರ್ಷ ಆಯ್ತು, ಏಳು ಅಂತ ಇನ್ನೂ ಯಾರೂ ಹೇಳಿಲ್ಲ.”