ಏಳು ತೋಳಿನ ಸರಾಸರಿ

ಸಿಸ್ಟರ್ ಶಾಂಭವಿ ಚೀಟಿಯಲ್ಲಿದ್ದ ಏಳು ಅಂಕಿಗಳನ್ನು ಕೂಡಿಸಿ, ಏಳರಿಂದ ಭಾಗಿಸಿ, ಪೆನ್ನು ಕೆಳಗಿಟ್ಟರು. "ಸರಾಸರಿ ನೂರಾ ಮೂವತ್ತಮೂರು ಬಂತು ನೋಡ್ರಿ, ಗಂಗಾಬಾಯಿ."

ಅಂತೂ ಎಲ್ಲವ್ವ ತಾಯಿ ಕಣ್ಣು ಬಿಟ್ಟಳಪ್ಪಾ ಅಂದುಕೊಂಡಳು ಗಂಗಾಬಾಯಿ. ಎಡಗಣ್ಣಿಗೆ ಪೊರೆ ಬಂದು ಎಲ್ಲಾ ಮಸುಕು. ಹೋದ ತಿಂಗಳು ತಲೆ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಹತ್ತುವಾಗ ಹಲಗೆಯ ತುದಿ ಕಾಣದೆ ಜಾರಿದ್ದಳು. ಕಣ್ಣು ಸರಿಯಾಗುವ ತನಕ ಸೈಟಿನ ಕಡೆ ಮುಖ ಹಾಕಬೇಡ ಅಂದಿದ್ದ ಮೇಸ್ತ್ರಿ. ಆಪರೇಷನ್ನಿಗೆ ಕೇಳಲು ಬಂದರೆ ಬಿ.ಪಿ. ಹೆಚ್ಚು! ದುಡಿಯಲು ಬಂದಿದ್ದ ತೆಲುಗು ಸೀಮೆಯ ನಾಚಾರಂನಲ್ಲಿ, ಸರ್ಕಾರದ ಬಸ್ತಿ ದವಾಖಾನೆಯಲ್ಲಿ ಶಾಂಭವಿ ತಮ್ಮ ಸ್ವಂತ ಮಷೀನನ್ನೇ ಕೈಗಿಟ್ಟು, ಏಳು ದಿನ ಮುಂಜಾನೆ ನೋಡಿ ಬರೆದುಕೊಂಡು ಬಾ, ಸರಾಸರಿ ನೂರಾ ನಲವತ್ತರ ಒಳಗೆ ಬಂದರೆ ಕಣ್ಣಿನ ಆಸ್ಪತ್ರೆಗೆ ಬರೆದುಕೊಡಿಸುತ್ತೇನೆ ಅಂದಿದ್ದರು.

ಆದರೆ ಈಗ ಶಾಂಭವಿ ಆ ಚೀಟಿಯನ್ನು ಕೈಬಿಡಲೊಲ್ಲರು. ಬೀದರ ಕಡೆಯ ಹೆಣ್ಣುಮಗಳು, ಕಣ್ಣು ಭಾರೀ ಚುರುಕು.

"ಇದೇನ್ರಿ, ಒಂದಿನ ನೂರಾ ಎಂಟು, ಒಂದಿನ ನೂರಾ ತೊಂಬತ್ತೆರಡು! ಒಂದ ತೋಳಿನ್ಯಾಗ ಬಿ.ಪಿ. ಹಿಂಗ ಜಿಗದಾಡತೈತೇನು?"

"ಒಂದ ತೋಳು ಎಲ್ಲೈತ್ರಿ ಅಕ್ಕಾ? ಏಳು ತೋಳು ಅದಾವು," ಅಂದುಬಿಟ್ಟಳು ಗಂಗಾಬಾಯಿ. ಸುಳ್ಳು ಹೇಳಿ ಗೊತ್ತಿದ್ದರಲ್ಲವೇ!

ಆದದ್ದಿಷ್ಟು. ಮೊದಲನೇ ದಿನ ನೂರಾ ಅರವತ್ತೆರಡು ಬಂದಾಗ ಅವಳು ತಲೆ ಮೇಲೆ ಕೈಹೊತ್ತು ಕೂತಿದ್ದಳು. ಗಂಡ ನಕ್ಕಿದ್ದ. "ಹುಚ್ಚಿ, ನಮ್ಮ ಗ್ಯಾಂಗಿನ್ಯಾಗ ಏಳು ಮಂದಿ. ಒಬ್ಬಾಕಿ ಜ್ವರ ಬಂದು ನಾಕು ಬುಟ್ಟಿ ಕಡಿಮಿ ಹೊತ್ರ, ಉಳಿದಾವ್ರು ಹೊತ್ತು ಲೆಕ್ಕ ಬರೋಬರಿ ಮಾಡೂದಿಲ್ಲೇನು? ಸರಾಸರಿ ಅಂದ್ರ ಅದ." ಮರುದಿನದಿಂದ ದಿನಕ್ಕೊಬ್ಬರು ಬಂದು ಮಷೀನಿಗೆ ತೋಳು ಕೊಟ್ಟರು. ಇದು ಮೋಸ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಭಾರ ಅಂದಮೇಲೆ ಹಂಚಿಕೊಂಡು ಹೊರುವುದೇ ಅವರಿಗೆ ಗೊತ್ತಿದ್ದ ಧರ್ಮ.

ಶಾಂಭವಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ಶಿವನೇ! ಲೆಕ್ಕ ಎಲ್ಲಾ ಖರೆ ಐತಿ. ಆದ್ರ ಕಣ್ಣು ಒಬ್ಬಾಕಿದು, ರಕ್ತ ಏಳು ಮಂದೀದು ಅಂದ್ರ ಹೆಂಗ್ರಿ?" ನಗುತ್ತಲೇ ಚೀಟಿಯ ಕೊನೆಯ ಸಾಲಿಗೆ ಬಂದವರು ಥಟ್ಟನೆ ಗಂಭೀರರಾದರು. "ಈ ನೂರಾ ತೊಂಬತ್ತೆರಡು ಯಾರದು?"

"ನಮ್ಮ ಮನಿಯವರದ್ರಿ, ಇವತ್ತ ಮುಂಜಾನಿದು. ಎಲ್ಲಾ ಕೆಡಿಸಿದ್ರಲ್ಲ ಅಂತ ಬೈದೆ. ಅವ್ರು ಮೊಬೈಲಿನ್ಯಾಗ ಕೂಡಿಸಿ ಭಾಗಿಸಿ, 'ಇರ್ಲಿ ಬಿಡ, ಎಲ್ಲಾರೊಳಗ ಮುಳುಗಿ ಹೋತು' ಅಂದ್ರು."

"ಎಲ್ಲಿದಾರ ಈಗ?"

ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಗಂಡನನ್ನು ಗಂಗಾಬಾಯಿ ಕೈಮಾಡಿ ತೋರಿಸಿದಳು. ಹಣೆಗೆ ಟವೆಲ್ ಬಿಗಿದುಕೊಂಡಿದ್ದ. ಎರಡು ತಿಂಗಳಿಂದ ತಲೆನೋವು ತಲೆನೋವು ಅನ್ನುತ್ತಿದ್ದ; ಬಿಸಿಲಿಗೆ ಅಂತ ಅವಳೂ ಸುಮ್ಮನಿದ್ದಳು.

ಒಳಗೆ ಕರೆದು, ಐದು ನಿಮಿಷ ಕೂರಿಸಿ, ಎರಡು ಸಲ ನೋಡಿದರು. ಎರಡೂ ಸಲ ನೂರಾ ತೊಂಬತ್ತರ ಮೇಲೆಯೇ. ಡಾಕ್ಟರು ಅವನನ್ನು ಮಂಚದ ಮೇಲೆ ಮಲಗಿಸಿದರು. "ಸರಾಸರಿಯೊಳಗ ನಾ ಬರೋಬರಿ ಇದ್ನಲ್ರಿ ಸಿಸ್ಟರ್," ಅಂತ ಅವನು ಮಲಗಿದಲ್ಲಿಂದಲೇ ವಾದಕ್ಕೆ ನಿಂತ.

"ಸುಮ್ನ ಮಲಗ್ರಿ," ಅಂತ ಗದರಿದ ಶಾಂಭವಿ, ಗಂಗಾಬಾಯಿಯ ಭುಜ ಹಿಡಿದರು. "ಇವತ್ತ ಸಿಕ್ಕಿದ್ದು ನಿಮ್ಮ ಪುಣ್ಯ. ಹಿಂಗ ಬಿಟ್ಟಿದ್ರ ಲಕ್ವಾ ಹೊಡೀತಿತ್ತು. ದಿನಾ ಗುಳಿಗಿ ತಗೊಂಡ್ರ ಹತೋಟಿಗೆ ಬರತೈತಿ, ಅಂಜಬ್ಯಾಡ್ರಿ. ನೀವೂ ಇನ್ನೊಂದು ವಾರ ನೋಡ್ರಿ, ನಿಮ್ಮ ತೋಳು ಅಷ್ಟ. ಕಣ್ಣಿಂದು ನಾ ಮಾಡಿಸಿಕೊಡ್ತೀನಿ. ಈಗ ಹೋಗಿ ಇವ್ರ ಹೆಸರಿಲೆ ಹೊಸ ಚೀಟಿ ಮಾಡಿಸಿಕೊಂಡು ಬರ್ರಿ."

ಗಂಗಾಬಾಯಿಗೆ ದುಃಖ ಉಕ್ಕಿ ಬಂತು. ನೂರಾ ಮೂವತ್ತಮೂರು ಅಂತ ಕೇಳಿ ತಾನು ಎಷ್ಟು ಹಿಗ್ಗಿದ್ದೆ! ಸೆರಗಿನಿಂದ ಕಣ್ಣೊರೆಸಿಕೊಂಡು ಚೀಟಿ ಬರೆಯುವ ಕಿಟಕಿಯ ಮುಂದೆ ನಿಂತಳು.

"ಪೇಷೆಂಟ್ ಪೇರೇಂಟಮ್ಮಾ?" ಅಂತ ಕಿಟಕಿಯೊಳಗಿನ ಹುಡುಗಿ ತೆಲುಗಿನಲ್ಲಿ ಹೆಸರು ಕೇಳಿದಳು.

"ನಮ್ಮ ಮನಿಯವರು."

ಹುಡುಗಿ ತಲೆಯೆತ್ತಿದಳು. "ಪೇರು ಚೆಪ್ಪಮ್ಮಾ, ಪೇರು!"

ಗಂಡನ ಹೆಸರು! ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯ ಹಂದರದಲ್ಲಿ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದಷ್ಟೇ. ರೇಷನ್ ಅಂಗಡಿಯಲ್ಲೂ 'ನಮ್ಮ ಉಮಾನ ಅಪ್ಪ' ಅಂದೇ ನಡೆಸಿಕೊಂಡು ಬಂದವಳು. ಗಂಗಾಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಒಳಗಿನ ಮಂಚದ ತನಕ ಕೇಳುವಂತೆ ಹೇಳಿದಳು:

"ಹಂಪಯ್ಯ. ಬರ್ಕೋಳವ್ವ, ಹಂಪಯ್ಯ. ಒಬ್ಬರದ ಹೆಸರು."