ಮೂಳೆಯ ವಯಸ್ಸು

ಫುಟ್‌ಬಾಲ್ ಅಕಾಡೆಮಿಯಿಂದ ಮೆಲ್ರಾಯ್ ಕ್ಲಬ್ಬಿನ ರಿಸರ್ವ್ ತಂಡಕ್ಕೆ ಏರಬೇಕಿದ್ದ ದಿನವೇ ಅವನ ಮೂಳೆ ಪರೀಕ್ಷೆಯ ವರದಿ ಬಂತು. ಕೋಚ್ ಅದನ್ನು ಅವನ ತಾಯಿಯ ಮುಂದಿಟ್ಟರು.

"ಜನನ ಪತ್ರದಲ್ಲಿ ಹದಿನೈದು. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಹದಿನೆಂಟು ದಾಟಿದೆ. ಈ ಪತ್ರ ಯಾರದ್ದಮ್ಮ?"

"ನನ್ನ ಮಗನದ್ದೇ ಸರ್."

"ಹಾಗಾದ್ರೆ ಮೂರು ಸಲ ಮೆಲ್ರಾಯ್ ಅಂತ ಕೂಗದೆ ಅವನು ತಿರುಗೋದೇ ಇಲ್ಲ, ಯಾಕೆ? ಕಿವಿ ಮಂದ ಅಂದ್ಕೊಂಡಿದ್ದೆ ನಾನು."

ಆಕೆ ವರದಿಯನ್ನು ಕೋಚ್ ಕಡೆಗೆ ಸರಿಸಿದಳು.

"ಮೆಲ್ರಾಯ್ ಚಿಕ್ಕವನು. ಇವನು ಅವನ ಅಣ್ಣ, ಲೆಸ್ಟರ್; ನೋಡಲಿಕ್ಕೆ ಅವನ ಹಾಗೇ."

"ಚಿಕ್ಕವನು ಎಲ್ಲಿ?"

"ನಿಮ್ಮ ಆಯ್ಕೆಯ ಕಾಗದ ಬಂದ ವಾರವೇ ಹೊಳೆಗೆ ಈಜಲಿಕ್ಕೆ ಹೋದ. ವಾಪಸ್ ಬರಲಿಲ್ಲ."

ಕೋಚ್ ಕುರ್ಚಿ ಬಿಟ್ಟು ಎದ್ದರು. "ಅದಕ್ಕೆ ಸತ್ತವನ ಹೆಸರಲ್ಲಿ ಇವನನ್ನ ಕಳಿಸಿದ್ರಾ? ಎರಡು ವರ್ಷ! ಮಗನೇ ಹೋದ ಮೇಲೂ ಫುಟ್‌ಬಾಲಿನ ಆಸೆ ಬಿಡಲಿಲ್ವಾ ನಿಮ್ಗೆ?"

"ಫುಟ್‌ಬಾಲ್ ನನಗೆ ಗೊತ್ತಿಲ್ಲ ಸರ್. ಮನೆಯಲ್ಲಿ ಅವನ ಹೆಸರು ಹೇಳಲಿಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಇಲ್ಲಿ ಗೇಟಿನ ಹೊರಗೆ ಬಂದು ನಿಂತರೆ, ನೀವು ದಿನಾ ಮೂರು ಸಲ ಕೂಗ್ತೀರಿ."